ಚಲಾವಣೆ ನಿಂತ ಕಾಸಿನ ಎರಡನೇ ಬಾಳು

ಬೆಂಗಳೂರು, ಮೈಸೂರು ಕಡೆಯಿಂದ ವಾಲ್ಪಾರೈ ನೋಡಲು ಹೊರಟವರು ಸಾಮಾನ್ಯವಾಗಿ ಪೊಳ್ಳಾಚಿ ಹಾದು ಹೋಗುತ್ತಾರೆ. ಅಲ್ಲಿಂದ ಮುಂದೆ 64 ಕಿಲೋಮೀಟರ್. ಆಳಿಯಾರ್ ಅಣೆಕಟ್ಟು ದಾಟುತ್ತಲೇ ಆನೈಮಲೈ ಘಟ್ಟ ಶುರುವಾಗುತ್ತದೆ. 40 ಹೇರ್‌ಪಿನ್ ತಿರುವು ಹತ್ತಿದರೆ ಆಮೇಲೆ ಕಣ್ಣು ಹಾಯುವಷ್ಟು ದೂರವೂ ಟೀ ತೋಟ. ಮೇಲೆ ಮುಟ್ಟುವ ಅವಸರದಲ್ಲಿ ಪೊಳ್ಳಾಚಿಯಲ್ಲಿ ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಿಂತರೂ ಎಳನೀರು ಕುಡಿಯಲು. ನಾಣ್ಯ ಸಂಗ್ರಹದ ಗೀಳು ಹತ್ತಿದವರಿಗೆ ಮಾತ್ರ ಆ ಊರಿನ ಹೆಸರು ಬೇರೆಯೇ ಕಾರಣಕ್ಕೆ ಗೊತ್ತು.

1800ನೇ ಇಸವಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಮಡಿದು ಒಂದು ವರ್ಷವಾಗಿತ್ತು. ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆಯ ಮೇಲೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತುತ್ತಿದ್ದ. ಯಾವ ಊರಲ್ಲಿ ಯಾವ ಬೆಳೆ, ಎಷ್ಟು ಕಂದಾಯ, ಸಂತೆಯಲ್ಲಿ ಯಾವ ಹಣ ನಡೆಯುತ್ತದೆ ಎಂದು ಬರೆದುಕೊಳ್ಳುವುದೇ ಅವನ ಕೆಲಸ. ಕೊಯಮತ್ತೂರು ಸೀಮೆಗೆ ಬಂದಾಗ, ಪೊಳ್ಳಾಚಿಯಲ್ಲಿ ಸ್ವಲ್ಪ ದಿನದ ಹಿಂದೆ ನೆಲ ಅಗೆಯುವಾಗ ಒಂದು ಗಡಿಗೆ ಸಿಕ್ಕಿತ್ತೆಂದು ತಿಳಿಯಿತು. ಅದರ ತುಂಬ ರೋಮನ್ ಬೆಳ್ಳಿ ನಾಣ್ಯ. ಆ ಭಾಗದ ಕಲೆಕ್ಟರ್ ಹರ್ಡಿಸ್ ಅದರಲ್ಲಿ ಆರನ್ನು ಬುಕಾನನ್‌ಗೆ ಕೊಟ್ಟ. ಬುಕಾನನ್ ತೂಗಿ ನೋಡಿದ: ಒಂದೊಂದೂ 56 ಗ್ರೇನ್, ಅಂದರೆ ಮೂರೂವರೆ ಗ್ರಾಂಗಿಂತ ಒಂದಿಷ್ಟು ಹೆಚ್ಚು. ಅವುಗಳಲ್ಲಿ ಇದ್ದದ್ದು ಎರಡೇ ಬಗೆ. ಒಂದು ಅಗಸ್ಟಸ್ ಚಕ್ರವರ್ತಿಯದು, ಇನ್ನೊಂದು ಅವನ ನಂತರ ಪಟ್ಟಕ್ಕೆ ಬಂದ ಟೈಬೀರಿಯಸ್‌ನದು.

ಇಷ್ಟು ಸಣ್ಣ ಪ್ರಸಂಗದಲ್ಲಿ ಹಣವನ್ನು ಖರ್ಚು ಮಾಡದೆ ಇಟ್ಟುಕೊಂಡ ಎರಡು ಜಾತಿಯ ಜನ ಇದ್ದಾರೆ. ಗಡಿಗೆ ಹೂತವನು ಒಬ್ಬ. ಆರು ನಾಣ್ಯ ಕೈಯಲ್ಲಿ ಹಿಡಿದು, ತೂಗಿ, ಮುಖ ನೋಡಿ, ಬರೆದಿಟ್ಟವನು ಇನ್ನೊಬ್ಬ. ಮೊದಲನೆಯವನಿಗೆ ಬೇಕಾದದ್ದು ಬೆಳ್ಳಿ. ಎರಡನೆಯವನಿಗೆ ಬೇಕಾದದ್ದು ಬೆಳ್ಳಿಯ ಮೇಲಿದ್ದ ಮಾತು. ನಾಣ್ಯ, ನೋಟುಗಳನ್ನು ಜನ ಯಾಕೆ ಕೂಡಿಡುತ್ತಾರೆ ಎಂಬುದಕ್ಕೆ ಉತ್ತರ ಹುಡುಕಬೇಕಾದದ್ದು ಈ ಇಬ್ಬರ ನಡುವಿನ ಅಂತರದಲ್ಲಿ.

ಭಯದ ಗಂಟು

ರೋಮ್ ನಗರದ ಬೆಳ್ಳಿ ಆನೈಮಲೈ ಬುಡಕ್ಕೆ ಬಂದದ್ದು ಹೇಗೆ? ಪಶ್ಚಿಮ ಘಟ್ಟದ ಗೋಡೆಯಲ್ಲಿ ಪಾಲಕ್ಕಾಡಿನ ಬಳಿ ಸುಮಾರು 30 ಕಿಲೋಮೀಟರ್ ಅಗಲದ ಬಾಗಿಲಿದೆ. ಮಲಬಾರ್ ಕರಾವಳಿಯ ಮುಚಿರಿ ಬಂದರಿಗೆ ಮುಂಗಾರು ಗಾಳಿ ಹಿಡಿದು ಬಂದ ಹಡಗುಗಳ ಸರಕು, ಹಣ ಈ ಬಾಗಿಲಿನಿಂದ ಒಳನಾಡಿಗೆ ಬರುತ್ತಿತ್ತು. ಕೊಯಮತ್ತೂರು ಬಯಲು ದಾಟಿದರೆ ನೊಯ್ಯಲ್ ನದಿಯ ದಡದ ಕೊಡುಮಣಲ್. ಅಲ್ಲಿ ಮಣಿ ಕೊರೆಯುವ ಕಸುಬಿನವರಿದ್ದರು. ಇಂದಿನ ತಿರುಪ್ಪೂರು ಜಿಲ್ಲೆಯ ಪಡಿಯೂರಿನಲ್ಲಿ ಹಸಿರು ನೀಲಿ ಬಣ್ಣದ ಬೆರಿಲ್ ಹರಳು ನೆಲದಿಂದ ಸಿಗುತ್ತಿತ್ತು. ಇನ್ನೂ ಪೂರ್ವಕ್ಕೆ ಹೋದರೆ ಚೇರರ ಕರೂರು. ಮೆಣಸಿಗೆ, ಹರಳಿಗೆ ರೋಮಿನವರು ಕೊಟ್ಟದ್ದು ಹೆಚ್ಚಾಗಿ ನಗದು. ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಭಾರತಕ್ಕೆ ಹರಿದುಹೋಗುತ್ತಿದೆ ಎಂದು ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ಗೊಣಗಿದ್ದಾನೆ. ನಾಲ್ಕು ಸೆಸ್ಟರ್ಸ್‌ಗೆ ಒಂದು ಬೆಳ್ಳಿ ಡಿನೇರಿಯಸ್. ಲೆಕ್ಕ ಹಾಕಿದರೆ ಒಂದೂಕಾಲು ಕೋಟಿ ಬೆಳ್ಳಿ ನಾಣ್ಯದ ಮೊತ್ತ.

ಅದರಲ್ಲಿ ಒಂದು ಪಾಲು ಇಂದಿನ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನೆಲದೊಳಗೇ ಉಳಿಯಿತು. ಕೊಯಮತ್ತೂರಿಗೆ ಅಂಟಿಕೊಂಡಿರುವ ವೆಳ್ಳಲೂರಿನಲ್ಲಿ 1842ರಲ್ಲಿ 500ಕ್ಕೂ ಹೆಚ್ಚು ಡಿನೇರಿಯಸ್ ಒಂದೇ ಕಡೆ ಸಿಕ್ಕವು. ಮುಂದೆ ಅದೇ ಊರಲ್ಲಿ ಮತ್ತೆ ಮತ್ತೆ ಸಿಕ್ಕವು. ಉಡುಮಲೈಪೇಟೆ ಕಡೆಯ ಬೂದಿನತ್ತಂ ಎಂಬಲ್ಲಿ ಸಿಕ್ಕ ಗಂಟಿನಲ್ಲಿ 1,300ಕ್ಕೂ ಹೆಚ್ಚಿದ್ದವು. ನಮ್ಮ ಕಡೆಯೂ ಹೀಗೆ ಸಿಕ್ಕಿದೆ: ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ, ಆಮೇಲೆ ಎಚ್‌ಎಎಲ್ ಆವರಣದಲ್ಲಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯದ ಜೊತೆಗೇ ರೋಮನ್ ನಾಣ್ಯವೂ ಹೊರಬಂದಿತು.

ಹೂತವರು ಸಂಗ್ರಾಹಕರಲ್ಲ. ಕಳ್ಳರ ಭಯ, ದಂಡು ಬರುವ ಭಯ, ನಾಳೆ ಏನೋ ಎಂಬ ಭಯ ಅವರಿಂದ ಗಡಿಗೆ ಹೂಳಿಸಿತು. ಒಂದೇ ಬಗೆಯ ನಾಣ್ಯ ನೂರಾರು ಇದ್ದರೆ ಅವರಿಗೆ ಸಂತೋಷವೇ; ಸಂಗ್ರಾಹಕನಿಗಾದರೆ ಅದು ಬೇಸರ. ಗಡಿಗೆ ಮತ್ತೆ ಅಗೆದು ತೆಗೆದವರ ಕಥೆ ನಮಗೆ ಸಿಗುವುದಿಲ್ಲ, ಯಾಕೆಂದರೆ ಅವರ ಗಡಿಗೆ ಖಾಲಿಯಾಯಿತು. ನಮ್ಮ ಕೈಗೆ ಬಂದಿರುವುದೆಲ್ಲ ಹೂತವರು ಮರಳಿ ಬರಲಾಗದ ಗಂಟುಗಳು.

ಎರಡು ಮುಖ, ಹತ್ತಿರದಿಂದ

ಆ ಎರಡು ಬಗೆಯ ನಾಣ್ಯಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ದಕ್ಷಿಣ ಭಾರತದ ಬಹುಪಾಲು ರೋಮನ್ ಬೆಳ್ಳಿ ಗಂಟುಗಳಲ್ಲಿ ಇವೇ ಸಿಗುತ್ತವೆ. ಅಗಸ್ಟಸ್‌ನ ನಾಣ್ಯದ ಒಂದು ಬದಿಗೆ ಎಲೆಯ ಕಿರೀಟ ತೊಟ್ಟ ಅವನ ತಲೆ. ತಿರುಗಿಸಿದರೆ ನಿಲುವಂಗಿ ತೊಟ್ಟು ನಿಂತ ಇಬ್ಬರು ಹುಡುಗರು, ನಡುವೆ ಎರಡು ಗುರಾಣಿ, ಎರಡು ಈಟಿ. ಅವರು ಗೈಯಸ್ ಮತ್ತು ಲೂಸಿಯಸ್, ಮಗಳ ಮಕ್ಕಳು. ಪಟ್ಟಕ್ಕೆಂದು ಅವನು ದತ್ತು ತೆಗೆದುಕೊಂಡವರು. ಕ್ರಿ.ಶ. 2ರಲ್ಲಿ ಲೂಸಿಯಸ್, 4ರಲ್ಲಿ ಗೈಯಸ್ ತೀರಿಕೊಂಡರು. ಅಜ್ಜನ ಆಸೆ ಮಣ್ಣುಪಾಲಾಯಿತು, ಪಟ್ಟ ಮಲಮಗ ಟೈಬೀರಿಯಸ್‌ಗೆ ಹೋಯಿತು. ಎರಡನೆಯ ನಾಣ್ಯ ಅವನದೇ: ಒಂದು ಬದಿಗೆ ಅವನ ತಲೆ, ಹಿಂದೆ ಕೈಯಲ್ಲಿ ದಂಡ ಹಿಡಿದು ಕುಳಿತ ಹೆಂಗಸು. ಬೈಬಲಿನಲ್ಲಿ ತೆರಿಗೆಯ ಪ್ರಶ್ನೆ ಬಂದಾಗ ಯೇಸುವಿಗೆ ತೋರಿಸಿದ ನಾಣ್ಯ ಈ ಬಗೆಯದೇ ಎಂದು ರೂಢಿಯಲ್ಲಿ ಹೇಳುತ್ತಾರೆ.

ಪೊಳ್ಳಾಚಿಯ ರೈತನಿಗೆ ಇದೊಂದೂ ಗೊತ್ತಿರಬೇಕಾಗಿರಲಿಲ್ಲ. ಅವನ ಮಟ್ಟಿಗೆ ಅದು ತೂಕಕ್ಕೆ ನಡೆಯುವ ಒಳ್ಳೆಯ ಬೆಳ್ಳಿ. ಪುದುಕ್ಕೋಟ್ಟೈ ಕಡೆ 1898ರಲ್ಲಿ ಸಿಕ್ಕ 501 ರೋಮನ್ ಚಿನ್ನದ ನಾಣ್ಯಗಳಲ್ಲಿ ಹೆಚ್ಚಿನವುಗಳ ಮೇಲೆ ಚಕ್ರವರ್ತಿಯ ಮುಖಕ್ಕೇ ಉಳಿಯಿಂದ ಗೀರಿದ ಗಾಯವಿದೆ. ಯಾಕೆ ಗೀರಿದರು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಮುಖದ ಮರ್ಯಾದೆ ಮಾತ್ರ ಇಲ್ಲಿ ನಡೆದಿರಲಿಲ್ಲ.

ಅದೇ ಮುಖವನ್ನು ಮುಖಕ್ಕಾಗಿಯೇ ಇಷ್ಟಪಡುವುದು ಸಂಗ್ರಹದ ಶುರು. ಆ ಅಗಸ್ಟಸ್‌ಗೇ ಈ ಗೀಳಿತ್ತು. ಹಬ್ಬದ ದಿನ ನೆಂಟರಿಷ್ಟರಿಗೆ ಹಳೆಯ ರಾಜರ ನಾಣ್ಯ, ಪರದೇಶದ ನಾಣ್ಯ ಉಡುಗೊರೆ ಕೊಡುತ್ತಿದ್ದನೆಂದು ಅವನ ಚರಿತ್ರೆ ಬರೆದ ಸುಯೆಟೋನಿಯಸ್ ಹೇಳುತ್ತಾನೆ. ಇಟಲಿಯ ಕವಿ ಪೆಟ್ರಾರ್ಕ್ 1354ರಲ್ಲಿ ನಾಲ್ಕನೇ ಚಾರ್ಲ್ಸ್ ದೊರೆಯನ್ನು ಕಂಡಾಗ ಕೈಗೆ ಕೊಟ್ಟದ್ದು ಹಳೆಯ ರೋಮನ್ ನಾಣ್ಯಗಳನ್ನು. ಇವರಂತೆ ಆಳು ಎಂಬ ಬುದ್ಧಿಮಾತಿನ ಜೊತೆಗೆ.

ಕೊರಳಿಗೆ, ಹುಂಡಿಗೆ, ಪೆಟ್ಟಿಗೆಗೆ

ನಮ್ಮ ಮನೆಗಳಲ್ಲಿ ನಾಣ್ಯ ಉಳಿದದ್ದು ಆಲ್ಬಮ್ಮಿನಿಂದ ಅಲ್ಲ. ಕಾಸಿನ ಸರದಲ್ಲಿ ಉಳಿಯಿತು, ಲಕ್ಷ್ಮೀಪೂಜೆಯ ತಟ್ಟೆಯಲ್ಲಿ ಉಳಿಯಿತು, ಅರಿಸಿನ ಬಟ್ಟೆಯಲ್ಲಿ ಕಟ್ಟಿಟ್ಟ ಮುಡಿಪಿನಲ್ಲಿ ಉಳಿಯಿತು. ವಿಕ್ಟೋರಿಯಾ ರಾಣಿಯ ರೂಪಾಯಿ ಎಷ್ಟೋ ಮನೆಗಳಲ್ಲಿ ಇಂದಿಗೂ ಇರುವುದು ಅವಳ ಮೇಲಿನ ಭಕ್ತಿಗಲ್ಲ, ಅಜ್ಜಿ ಅದನ್ನು ದೇವರ ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡುತ್ತಿದ್ದರು ಎಂಬುದಕ್ಕೆ.

ಇನ್ನೊಂದು ಕಾರಣ ಊರು ಬಿಟ್ಟವರದು. ಸಿಲೋನಿನ ಟೀ ತೋಟಗಳಲ್ಲಿ ತಲೆಮಾರುಗಟ್ಟಲೆ ದುಡಿದ ತಮಿಳರು 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ನಂತರ ಗಂಟುಮೂಟೆ ಕಟ್ಟಿ ಭಾರತಕ್ಕೆ ಮರಳಬೇಕಾಯಿತು. ಅವರಿಗೆ ಕೆಲಸ ಕೊಡಲೆಂದೇ ತಮಿಳುನಾಡು ಸರ್ಕಾರ 1968ರಲ್ಲಿ ಟೀ ತೋಟಗಳನ್ನು ಎಬ್ಬಿಸಿತು. ಟ್ಯಾನ್‌ಟೀ ಎಂಬ ಹೆಸರಿನ ಆ ಸಂಸ್ಥೆಯ ತೋಟಗಳು ನೀಲಗಿರಿಯಲ್ಲಿವೆ, ವಾಲ್ಪಾರೈಯಲ್ಲೂ ಇವೆ. ಸಮುದ್ರ ದಾಟಿ ಬಂದವರ ಟ್ರಂಕಿನ ತಳದಲ್ಲಿ ಉಳಿದ ಹೂವಿನೆಸಳಿನಂಥ ಅಂಚಿನ ಸಿಲೋನ್ ಸೆಂಟು ಇಲ್ಲಿ ಏನನ್ನೂ ಕೊಳ್ಳಲಾರದು. ಆದರೂ ಅಂಥದ್ದನ್ನು ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ನಾವೂ ಅಲ್ಲಿ ಬದುಕಿದ್ದೆವು, ದುಡಿದಿದ್ದೆವು ಎಂಬುದಕ್ಕೆ ಅದು ಸಾಕ್ಷಿ. ಗಲ್ಫಿನಿಂದ ಮರಳಿದ ಮಂಗಳೂರು, ಭಟ್ಕಳದವರ ಮನೆಯಲ್ಲಿ ಉಳಿದ ದಿರ್ಹಮ್ಮಿನ ಕಥೆಯೂ ಇದೇ. ಸಿಲೋನಿನದೇ ಇನ್ನೊಂದು ವಿಶೇಷ: ಚಿಲ್ಲರೆಯ ಬರ ಬಿದ್ದಾಗ, 19ನೇ ಶತಮಾನದಲ್ಲಿ, ಅಲ್ಲಿನ ಕಾಫಿ ವ್ಯಾಪಾರದ ಕಂಪನಿಗಳು ಕೂಲಿ ಬಟವಾಡೆಗೆ ತಮ್ಮದೇ ಬಿಲ್ಲೆಗಳನ್ನು ಹೊಡೆಸಿದ್ದವು. ಸಂಗ್ರಾಹಕರು ಈಗ ಅವನ್ನು ರಾಜರ ನಾಣ್ಯದಷ್ಟೇ ಶ್ರದ್ಧೆಯಿಂದ ಹುಡುಕುತ್ತಾರೆ.

ಹುಡುಕಾಟದ ರುಚಿ

ಭಯ, ಭಕ್ತಿ, ನೆನಪು ಇವು ಮೂರೂ ಹಣವನ್ನು ಉಳಿಸುತ್ತವೆ. ಸಂಗ್ರಹಕ್ಕೆ ಇವು ಸಾಲವು. ಅಲ್ಲಿ ಬೇಕಾದದ್ದು ಕುತೂಹಲ. ಜೇಬಿನಲ್ಲಿರುವ ನಾಣ್ಯದಿಂದಲೇ ಅದು ಶುರುವಾಗಬಹುದು. ಇಸವಿಯ ಕೆಳಗೆ ನೋಡಿ: ಸಣ್ಣ ವಜ್ರದಾಕಾರ ಇದ್ದರೆ ಅದು ಮುಂಬೈ ಟಂಕಸಾಲೆಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ಚುಕ್ಕೆ ಇದ್ದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ಇದು ಒಮ್ಮೆ ಗೊತ್ತಾದ ಹುಡುಗ ಆಮೇಲೆ ಅಂಗಡಿಯವನು ಕೊಟ್ಟ ಚಿಲ್ಲರೆಯನ್ನು ನೋಡದೆ ಜೇಬಿಗೆ ಹಾಕಲಾರ. ನಾಲ್ಕರಲ್ಲಿ ಮೂರು ಸಿಕ್ಕಿದ ಮೇಲೆ ನಾಲ್ಕನೆಯದು ಸಿಗುವ ತನಕ ಸಮಾಧಾನವಿಲ್ಲ. ಸೆಟ್ ಪೂರ್ತಿ ಮಾಡುವ ಈ ಹಟವೇ ಎಷ್ಟೋ ಜನರನ್ನು ಜೀವನಪೂರ್ತಿ ಈ ಹವ್ಯಾಸದಲ್ಲಿ ಹಿಡಿದಿಟ್ಟಿದೆ.

ಮುಂದಿನ ರುಚಿ ತಪ್ಪುಗಳದ್ದು. 1911ರಲ್ಲಿ ಐದನೇ ಜಾರ್ಜ್ ದೊರೆಯ ಹೊಸ ರೂಪಾಯಿ ಬಂತು. ದೊರೆಯ ನಿಲುವಂಗಿಯ ಮೇಲೆ ಪುಟ್ಟದೊಂದು ಆನೆ. ಅದರ ಸೊಂಡಿಲು ಎಷ್ಟು ಗಿಡ್ಡವಾಗಿತ್ತೆಂದರೆ ಜನರ ಕಣ್ಣಿಗೆ ಅದು ಹಂದಿಯಂತೆ ಕಂಡಿತು. ಗದ್ದಲವೆದ್ದಿತು. ಟಂಕಿಸಿದ್ದ ಸುಮಾರು 94 ಲಕ್ಷದಲ್ಲಿ ಹೊರಬಂದದ್ದು 7 ಲಕ್ಷದಷ್ಟು, ಉಳಿದದ್ದನ್ನು ಕರಗಿಸಿದರು. ಮರುವರ್ಷ ಆನೆಗೆ ಸರಿಯಾದ ಸೊಂಡಿಲು, ಕಿವಿ ಬಂದವು. 'ಹಂದಿ ರೂಪಾಯಿ' ಎಂದು ಹೆಸರಾದ ಆ ತಪ್ಪು ನಾಣ್ಯಕ್ಕೆ ಇಂದು ಸರಿಯಾದ ನಾಣ್ಯಕ್ಕಿಂತ ಹೆಚ್ಚು ಬೆಲೆ. ಮಹಾಯುದ್ಧದ ಕಾಲಕ್ಕೆ ತಾಮ್ರ ಉಳಿಸಲೆಂದು 1943ರಿಂದ ನಡುವೆ ತೂತು ಕೊರೆದ ಕಾಸು ಬಂತು. ಯುದ್ಧದ ಬಿಸಿ ಸಂತೆಗೆ ಬಂದವರ ಬೆರಳಿಗೂ ತಟ್ಟಿದ್ದಕ್ಕೆ ಆ ತೂತೇ ದಾಖಲೆ.

ಕನ್ನಡಿಗರಿಗೆ ಕೊಯಮತ್ತೂರು ಸೀಮೆಯ ಜೊತೆ ಹತ್ತಿರದ ನಂಟೂ ಇದೆ. ಯುದ್ಧಕಾಲದ ಏರುಪೇರು ಬಿಟ್ಟರೆ 17ನೇ ಶತಮಾನದ ಕೊನೆಯಿಂದ 1799ರ ತನಕ ಕೊಯಮತ್ತೂರು ಮೈಸೂರಿನ ಕೈಕೆಳಗಿತ್ತು. ಪೊಳ್ಳಾಚಿ, ಉಡುಮಲೈಪೇಟೆ ಸುತ್ತ ಮನೆಮಾತಾಗಿ ಕನ್ನಡ ಆಡುವ ಕುಟುಂಬಗಳು ಇಂದಿಗೂ ಇವೆ. ಕಂಠೀರವ ನರಸರಾಜ ಒಡೆಯರು 17ನೇ ಶತಮಾನದಲ್ಲಿ ಹೊರತಂದ ಕಂಠೀರಾಯಿ ಹಣ ಕಿರುಬೆರಳಿನ ಉಗುರಿಗಿಂತ ಚಿಕ್ಕದು, ಅರ್ಧ ಗ್ರಾಂ ಕೂಡ ತೂಗದ ಚಿನ್ನದ ಹನಿ. ಅಷ್ಟರಲ್ಲೇ ನರಸಿಂಹನನ್ನು ಕೂರಿಸಿದ್ದಾರೆ. ಟಿಪ್ಪುವಿನ ತಾಮ್ರದ ಕಾಸಿನಲ್ಲಿ ಆನೆ. ಅವನ ಹೊಸ ಶಕೆಯ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಕಾಸುಗಳಿಗೆ ಅವನಿಟ್ಟ ಹೆಸರು ಆಕಾಶದಿಂದ ಇಳಿದವು: ಪೈಸೆಗೆ ಶುಕ್ರನ ಹೆಸರು ಜೊಹ್ರಾ, ಅರ್ಧ ಪೈಸೆಗೆ ಮಂಗಳನ ಹೆಸರು ಬಹ್ರಾಮ್, ಕಾಲು ಪೈಸೆಗೆ ಅಖ್ತರ್ ಎಂದರೆ ನಕ್ಷತ್ರ, ಅದರ ಅರ್ಧಕ್ಕೆ ಕುತುಬ್ ಎಂದರೆ ಧ್ರುವ. ಅವನ ನಾಣ್ಯಗಳ ಮೇಲೆ ಕಾಣುವ ಸಲಾಮಾಬಾದ್ ಎಂಬ ಟಂಕಸಾಲೆಯ ಊರನ್ನು ಕೊಯಮತ್ತೂರಿನ ಉತ್ತರಕ್ಕಿರುವ ಸತ್ಯಮಂಗಲ ಎಂದು ಗುರುತಿಸುತ್ತಾರೆ.

ಕಾಗದದ ಮೇಲಿನ ಕಥೆ

ನೋಟು ಸಂಗ್ರಹಿಸುವವರದು ಇನ್ನೊಂದು ಲೋಕ. ನಾಣ್ಯಕ್ಕೆ ಲೋಹದ ಬೆಲೆಯಾದರೂ ಉಳಿಯುತ್ತದೆ. ರದ್ದಾದ ನೋಟು ಬರೀ ಕಾಗದ. ಹಾಗಿದ್ದರೂ ಇಟ್ಟುಕೊಳ್ಳುವುದು ಅದು ಹೇಳುವ ಕಾಲಕ್ಕಾಗಿ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಕೊರತೆಯಾದದ್ದರಿಂದ 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟು ಹುಟ್ಟಿತು. ಅದರ ಬೆನ್ನಿಗೇ 1918ರಲ್ಲಿ ಎರಡು ರೂಪಾಯಿ ಎಂಟಾಣೆಯ ವಿಚಿತ್ರ ನೋಟು ಬಂತು. ಹೆಚ್ಚು ವರ್ಷ ಬಾಳದ ಅದು ಈಗ ಬಲು ಅಪರೂಪ. ಹೈದರಾಬಾದ್ ನಿಜಾಮರ ನೋಟಿನ ಮೇಲೆ ಉರ್ದು, ತೆಲುಗು, ಮರಾಠಿಯ ಜೊತೆ ಕನ್ನಡವೂ ಇತ್ತು; ಕಲಬುರಗಿ, ಬೀದರ, ರಾಯಚೂರು ಆಗ ಆ ಸಂಸ್ಥಾನದಲ್ಲಿದ್ದವಲ್ಲ. ಇವತ್ತಿನ ನೋಟಿನ ಹಿಂಬದಿಯ ಭಾಷಾಪಟ್ಟಿಯಲ್ಲಿ 15 ಭಾಷೆಗಳಿವೆ, ಮೇಲಿನಿಂದ ನಾಲ್ಕನೆಯದು ಕನ್ನಡ. 2017ರಲ್ಲಿ ಬಂದ 50ರ ನೋಟಿನ ಮೇಲೆ ಹಂಪಿಯ ಕಲ್ಲಿನ ರಥ. ಮುದ್ರಣದಲ್ಲಿ ಕೆಟ್ಟ ನೋಟಿನ ಬದಲಿಗೆ ಹಾಕಿದ ನೋಟಿನ ಸಂಖ್ಯೆಯ ನಡುವೆ ನಕ್ಷತ್ರದ ಗುರುತಿರುತ್ತದೆ, ಅದನ್ನೇ ಹುಡುಕುವವರಿದ್ದಾರೆ.

ನೋಟು ರದ್ದತಿಯ ಕಾನೂನು ಕೂಡ ಸಂಗ್ರಾಹಕನನ್ನು ಮರೆತಿಲ್ಲ. 2016ರ ನವೆಂಬರ್ 8ರಂದು ರದ್ದಾದ 500, 1000ದ ನೋಟುಗಳನ್ನು ಸಾಮಾನ್ಯರು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ 2017ರ ಕಾಯ್ದೆ. ಅಧ್ಯಯನಕ್ಕೆ, ಸಂಶೋಧನೆಗೆ, ನಾಣ್ಯಶಾಸ್ತ್ರಕ್ಕೆಂದಾದರೆ 25ರ ತನಕ ಇಡಬಹುದು.

ಸಂತೆಯ ಕಾಸು ಬದಲಿಸಿದ ಇತಿಹಾಸ

ಹವ್ಯಾಸಿಗಳಿಂದ ವಿದ್ವತ್ತಿಗೆ ಏನು ಲಾಭ ಎಂದು ಕೇಳುವವರಿಗೆ ಅಮರಾವತಿ ನದಿಯೇ ಉತ್ತರ ಕೊಡುತ್ತದೆ. ಆನೈಮಲೈ ಸೀಮೆಯಲ್ಲಿ ಹುಟ್ಟಿ ಉಡುಮಲೈಪೇಟೆ, ಧಾರಾಪುರಂ ಹಾದು ಕರೂರಿಗೆ ಹೋಗುವ ಈ ನದಿಯ ಮರಳಿನಲ್ಲಿ ಹಳೆಯ ಕಾಸು ಸಿಗುವುದು ಹೊಸದಲ್ಲ. ಬಹಳ ಕಾಲ ಅವು ಗುಜರಿಗೆ, ಅಕ್ಕಸಾಲಿಗರ ಕುಲುಮೆಗೆ ಹೋಗುತ್ತಿದ್ದವು. ಸಂಗಂ ಕಾಲದ ತಮಿಳು ಅರಸರು ಸ್ವಂತ ನಾಣ್ಯ ಹೊರಡಿಸಿದ್ದರೇ ಎಂಬ ಅನುಮಾನ ವಿದ್ವಾಂಸರಲ್ಲಿತ್ತು. 'ದಿನಮಲರ್' ಪತ್ರಿಕೆಯ ಸಂಪಾದಕರಾಗಿದ್ದ ಆರ್. ಕೃಷ್ಣಮೂರ್ತಿ ವ್ಯಾಪಾರಿಗಳಿಂದ ಇಂಥ ಸವೆದ ಕಾಸುಗಳನ್ನು ಕೊಂಡು, ತೊಳೆದು, ಓದುತ್ತ ಹೋದರು. 1980ರ ದಶಕದಲ್ಲಿ ಪಾಂಡ್ಯರ ಕಾಸಿನ ಮೇಲೆ 'ಪೆರುವಳುದಿ' ಎಂಬ ಹೆಸರು ಅವರಿಗೆ ಸಿಕ್ಕಿತು. ಚೇರರ 'ಮಾಕ್ಕೋತೈ' ಎಂಬ ಬೆಳ್ಳಿ ನಾಣ್ಯವೂ ಬೆಳಕಿಗೆ ಬಂತು. ಅದರಲ್ಲಿ ಅರಸನ ತಲೆ ಕೂತಿರುವ ರೀತಿ ರೋಮನ್ ಡಿನೇರಿಯಸ್ ನೋಡಿ ಕಲಿತದ್ದೇ. ಅಕ್ಷರ ಮಾತ್ರ ತಮಿಳು ಬ್ರಾಹ್ಮಿ. ಪ್ಲಿನಿ ಗೊಣಗಿದ ಬೆಳ್ಳಿ ಇಲ್ಲಿಗೆ ಬಂದು ನಾಣ್ಯದ ಮೇಲೆ ಮುಖ ಮೂಡಿಸುವ ಕಲೆ ಕಲಿಸಿತ್ತು. ಹವ್ಯಾಸಿಯೊಬ್ಬ ಹಟ ಹಿಡಿಯದಿದ್ದರೆ ಅವೂ ಕುಲುಮೆಗೆ ಹೋಗುತ್ತಿದ್ದವು.

ಪೊಳ್ಳಾಚಿಯ ಗಡಿಗೆಯದು ಇದಕ್ಕೆ ತದ್ವಿರುದ್ಧ. ಗಂಟೊಂದು ಪೂರ್ತಿ ಸಿಕ್ಕಿ, ಎಣಿಸಿ, ಪಟ್ಟಿ ಮಾಡಿದರೆ ಅದರಲ್ಲಿನ ಅತಿ ಹೊಸ ನಾಣ್ಯ ಯಾವುದೆಂದು ತಿಳಿಯುತ್ತದೆ. ಅದಕ್ಕಿಂತ ಮುಂಚೆ ಗಡಿಗೆ ಹೂತಿರಲು ಸಾಧ್ಯವಿಲ್ಲ. ಸವೆತ ನೋಡಿ ಎಷ್ಟು ಕೈ ದಾಟಿ ಬಂದಿವೆ ಎಂದು ಊಹಿಸಬಹುದು. ಆದರೆ ಬುಕಾನನ್ ಹೇಳಿದ್ದು ಗಡಿಗೆಯ ತುಂಬ ನಾಣ್ಯವಿತ್ತೆಂದು. ವಿವರ ಬರೆದದ್ದು ಆರರದು. ಉಳಿದವು ಕೈಯಿಂದ ಕೈಗೆ ಚದುರಿದವು. ಇಂದು ಯಾವುದೋ ದೇಶದ ಹರಾಜಿನಲ್ಲಿ ಅದೇ ಗಡಿಗೆಯ ನಾಣ್ಯ ಬಂದರೂ ಅದು ಬರೀ ಟೈಬೀರಿಯಸ್‌ನ ಡಿನೇರಿಯಸ್, ಪೊಳ್ಳಾಚಿಯದು ಎಂದು ಯಾರೂ ಗುರುತಿಸಲಾರರು.

ಮೋಸಕ್ಕೆ ಬೀಳುವ ಮುನ್ನ

ಈಗಿನ ಆಸೆಗೆ ಮೊಬೈಲ್ ಗಾಳಿ ಹಾಕುತ್ತಿದೆ. ವೈಷ್ಣೋದೇವಿಯ ಚಿತ್ರವಿರುವ ನಾಣ್ಯಕ್ಕೆ, 786 ಸಂಖ್ಯೆಯ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ ಎಂಬ ಸಂದೇಶ ಎಲ್ಲರಿಗೂ ಬಂದಿರುತ್ತದೆ. ನಂಬಿದವರಿಂದ ಶುಲ್ಕ, ತೆರಿಗೆ, ಕಮಿಷನ್ ಎಂದು ಕೀಳುವುದೇ ಅದರ ಹೂರಣ. ತನ್ನ ಹೆಸರು, ಲಾಂಛನ ಬಳಸಿ ಹೀಗೆ ದುಡ್ಡು ಕೇಳುವವರನ್ನು ನಂಬಬೇಡಿ, ಇಂಥ ವ್ಯವಹಾರಕ್ಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಕೋಟಿಗಟ್ಟಲೆ ಟಂಕಿಸಿದ ನಾಣ್ಯಕ್ಕೆ ಲಕ್ಷ ಬೆಲೆ ಬರುವುದಿಲ್ಲ. ಬೆಲೆ ಬರುವುದು ಅಪರೂಪಕ್ಕೆ, ಸ್ಥಿತಿಗೆ, ಬೇಡಿಕೆಗೆ. ಹಳೆಯದಾಗಿದೆ ಎಂಬುದೊಂದೇ ಸಾಲದು. ಎರಡು ಸಾವಿರ ವರ್ಷದ ತಾಮ್ರದ ಕಾಸು ಕೆಲವು ನೂರು ರೂಪಾಯಿಗೆ ಸಿಗಬಹುದು.

ಕಾನೂನೂ ಗೊತ್ತಿರಲಿ. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ಸರ್ಕಾರ ಅದನ್ನು ತಾನೇ ಇಟ್ಟುಕೊಳ್ಳುವುದಾದರೆ ವಸ್ತುವಿನ ಲೋಹದ ಬೆಲೆಯ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಡಬೇಕೆಂದೂ ಅದರಲ್ಲಿದೆ. ಕರ್ನಾಟಕಕ್ಕೆ 1962ರ ಬೇರೆ ಕಾಯ್ದೆಯಿದೆ. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವಂತಿಲ್ಲ.

ಮನೆಯಲ್ಲಿ ಹಳೆಯ ಕಾಸು ಸಿಕ್ಕರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ತಾಮ್ರದ ಮೇಲಿನ ಕಂದು, ಹಸಿರು ಪದರವೇ ಅದರ ರಕ್ಷಣೆ. ಫಳಫಳ ಹೊಳೆದ ದಿನ ಬೆಲೆಯೂ ಹೋಯಿತು, ಅಕ್ಷರವೂ ಹೋಯಿತು. ಅಂಚು ಹಿಡಿದು ಎತ್ತಿ, ಮುಖ ಮುಟ್ಟಬೇಡಿ. ವಾಲ್ಪಾರೈಯಂಥ, ನಮ್ಮ ಆಗುಂಬೆ, ಮಡಿಕೇರಿಯಂಥ ಮಳೆಯೂರುಗಳಲ್ಲಿ ನೋಟಿಗೆ ಬೂಷ್ಟು ಬೇಗ ಹಿಡಿಯುತ್ತದೆ. ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ ಇಡಿ. ಅಗ್ಗದ ಪಿವಿಸಿ ಹಾಳೆಯ ಆಲ್ಬಮ್ ವರ್ಷ ಕಳೆದಂತೆ ಬೆವತು ನಾಣ್ಯಕ್ಕೆ ಹಸಿರು ಅಂಟು ಹತ್ತಿಸುತ್ತದೆ, ಅದನ್ನು ಕೊಳ್ಳಬೇಡಿ.

ಎಲ್ಲಕ್ಕಿಂತ ಮುಖ್ಯವಾದ ಕೆಲಸಕ್ಕೆ ಒಂದು ಪೈಸೆ ಖರ್ಚಿಲ್ಲ. ಪ್ರತಿ ನಾಣ್ಯದ ಜೊತೆ ಒಂದು ಚೀಟಿ ಇಡಿ. ಎಲ್ಲಿ ಸಿಕ್ಕಿತು, ಯಾರ ಪೆಟ್ಟಿಗೆಯಿಂದ ಬಂತು, ಯಾವ ವರ್ಷ, ಜೊತೆಗೆ ಇನ್ನೇನಿತ್ತು ಎಂದು ನಾಲ್ಕು ಸಾಲು ಕನ್ನಡದಲ್ಲೇ ಬರೆಯಿರಿ. ಅಜ್ಜಿ, ಅಜ್ಜ ಬದುಕಿದ್ದರೆ ಇವತ್ತೇ ಕೇಳಿ ಬರೆದುಕೊಳ್ಳಿ. ಊರು, ಹೆಸರು ಕಳೆದುಕೊಂಡ ನಾಣ್ಯವನ್ನು ಯಾವ ವಿದ್ವಾಂಸನೂ ಮತ್ತೆ ಅದರ ಮನೆಗೆ ಸೇರಿಸಲಾರ.